ಕಿವಿಯ ಬುತ್ತಿ

ಸಂಗೀತವನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳುಂಟು. ಹಾಡಿದವರು ಯಾರು, ರಾಗವಾವುದು, ಮನೋಧರ್ಮವೆಂತಹುದು ಎಂದು ವಿಚಾರಿಸುವವರದು ಮೊದಲನೆಯ ಪಂಗಡ. ಹಾಡಿದುದು ಹೇಗೆ ಕೇಳಿಸಿತು, ತಂಬೂರಿಯ ಜೀವಾಳದ ಝೇಂಕಾರ ಕಿವಿಗೆ ಬಿದ್ದಿತೆ, ಗಾಯಕರು ಉಸಿರು ಎಳೆದುಕೊಂಡದ್ದು ತಿಳಿಯಿತೆ ಎಂದು ವಿಚಾರಿಸುವವರದು ಎರಡನೆಯದು. ಮೊದಲಿನವರಿಗೆ ಲೋಕದಲ್ಲಿ ರಸಿಕರೆಂಬ ಗೌರವ ಸಲ್ಲುತ್ತದೆ. ಎರಡನೆಯವರನ್ನು ಕಂಡರೆ ಜನರಿಗೆ ನಗೆ. ಊಟವನ್ನು ಬಿಟ್ಟು ಬಾಳೆಯೆಲೆಯ ಅಂದವನ್ನು ಹೊಗಳುವವರೆಂದು ಇವರನ್ನು ಹಾಸ್ಯ ಮಾಡುವುದುಂಟು. ನಾನು ಈ ಎರಡನೆಯ ಪಂಗಡಕ್ಕೆ ಸೇರಿದವನು. ನಲವತ್ತು ವರ್ಷಗಳಿಂದಲೂ ಸೇರಿದ್ದೇನೆ. ನಗುವವರ ಮೇಲೆ ನನಗೆ ಕೋಪವಿಲ್ಲ. ಆದರೆ ಎಲೆಯನ್ನು ತೊಳೆದು ಹಾಕಿದರೆ ಊಟದ ರುಚಿ ಕೆಡುವುದಿಲ್ಲವೆಂಬುದನ್ನು ಅವರೂ ಒಪ್ಪಬೇಕು.

ನಮ್ಮ ಮನೆಯ ನಡುಮನೆಯಲ್ಲಿ ಎರಡು ಸ್ಪೀಕರುಗಳೂ ಒಂದು ಕುರ್ಚಿಯೂ ಸಮತ್ರಿಕೋನದ ಮೂರು ಮೂಲೆಗಳಂತೆ ಕುಳಿತಿವೆ. ನೆಂಟರು ಬಂದಾಗ ಮಾತ್ರ ಕುರ್ಚಿ ಜಾಗ ಬದಲಾಯಿಸುತ್ತದೆ. ಈ ಏರ್ಪಾಡಿಗೆ ಆದ ವೆಚ್ಚವನ್ನು ಕೇಳಿದ ದಿನ ನನ್ನ ಮನೆಯವರು, "ಇಷ್ಟು ಹಣದಲ್ಲಿ ಹಾಡುವವರನ್ನೇ ಮನೆಗೆ ಕರೆಸಬಹುದಾಗಿತ್ತಲ್ಲ!" ಎಂದರು. ಮಾತು ಹಾಸ್ಯದ್ದಾದರೂ ಅದರೊಳಗೆ ಒಂದು ಘನವಾದ ಪ್ರಶ್ನೆಯಿದೆ. ಅದಕ್ಕೆ ನಾನು ಈವರೆಗೆ ಕಂಡುಕೊಂಡಿರುವ ಉತ್ತರವನ್ನು ಕೆಲವು ಮುದ್ರಿಕೆಗಳ ಮೂಲಕ ವಾಚಕರ ಮುಂದೆ ಇಡುತ್ತೇನೆ.

ಮೊದಲು, ಒಳ್ಳೆಯ ಧ್ವನಿಮುದ್ರಣವೆಂದರೆ ಯಾವುದು? ಜೋರಾಗಿ ಕೇಳಿಸುವುದಲ್ಲ, ಜಾತ್ರೆಯ ಧ್ವನಿವರ್ಧಕವೂ ಜೋರಾಗಿಯೇ ಕೇಳಿಸುತ್ತದೆ. ನಾನು ನೋಡುವ ಲಕ್ಷಣಗಳು ಮೂರು. ಒಂದು, ಮೆಲ್ಲನೆಯದು ಮೆಲ್ಲನೆಯದಾಗಿಯೂ ಗಟ್ಟಿಯದು ಗಟ್ಟಿಯಾಗಿಯೂ ಉಳಿದಿರಬೇಕು. ಎರಡನ್ನೂ ಒಂದೇ ಮಟ್ಟಕ್ಕೆ ತಟ್ಟಿ ಸಮ ಮಾಡಿರಬಾರದು. ಎರಡು, ಒಂದೊಂದು ವಾದ್ಯಕ್ಕೂ ಅದರದೇ ಆದ ಮೈ ಇರಬೇಕು. ಮರವು ಮರವಾಗಿ, ತೊಗಲು ತೊಗಲಾಗಿ, ಕಂಚು ಕಂಚಾಗಿ ಕೇಳಿಸಬೇಕು. ಮೂರು, ಹಾಡಿದ ಸ್ಥಳವೂ ಹಾಡಿನೊಡನೆ ಬಂದಿರಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಅಪರೂಪವಾದುದು. ದೇವಸ್ಥಾನದ ನವರಂಗದಲ್ಲಿ ಕೇಳಿದ ನಾಗಸ್ವರಕ್ಕೂ ಬಯಲಿನಲ್ಲಿ ಕೇಳಿದ ನಾಗಸ್ವರಕ್ಕೂ ಇರುವ ಭೇದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಂಬ, ಗೋಡೆ, ಮೇಲ್ಛಾವಣಿಗಳೂ ಆ ಮೇಳದಲ್ಲಿ ಸೇರಿಕೊಂಡ ವಾದ್ಯಗಳೇ ಸರಿ.

ಧ್ವನಿಮುದ್ರಣವು ಈ ನಾಡಿಗೆ ಬಂದಾಗ ಈ ಮೂರರಲ್ಲಿ ಒಂದೂ ಅದಕ್ಕೆ ಸಾಧ್ಯವಿರಲಿಲ್ಲ. 1902ರಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯೊಂದರಲ್ಲಿ ಗೌಹರ್ ಜಾನಳ ಗಾನವನ್ನು ಮುದ್ರಿಸಿದನು. ವಿದ್ಯುತ್ತಿನ ಸಹಾಯ ಎಳ್ಳಷ್ಟೂ ಇಲ್ಲ. ಗಾಯಕಿ ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಅವಳ ಉಸಿರಿನ ಬಲದಿಂದಲೇ ಮುಳ್ಳು ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಕಾಲಾವಕಾಶ ಸುಮಾರು ಮೂರು ನಿಮಿಷ. ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಅವಳ ಪದ್ಧತಿ. ಮುದ್ರಿಕೆಗಳನ್ನು ಅಚ್ಚುಮಾಡುತ್ತಿದ್ದ ಜರ್ಮನಿಯ ಹ್ಯಾನೋವರಿನವರಿಗೆ ಯಾರ ಹಾಡೆಂಬುದು ತಿಳಿಯಲೆಂದು ಹೀಗೆ ಮಾಡುತ್ತಿದ್ದರು. ಇದೇ ಗೌಹರ್ ಜಾನ್ ತನ್ನ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದಳು. 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅವಳ ಮುದ್ರಿಕೆಯನ್ನು ಇಂದು ಕೇಳಿದರೆ ಹುರಿಯುವ ಬಾಣಲೆಯ ಸದ್ದಿನ ಹಿಂದೆ, ಬಲು ದೂರದಲ್ಲಿ, ಒಂದು ಚುರುಕಾದ ಕಂಠ ಕೇಳುತ್ತದೆ. ಕೋಣೆಯಿಲ್ಲ, ಹತ್ತಿರ ದೂರಗಳೆಂಬ ಭಾವನೆಯಿಲ್ಲ. ಹಾಡುವವಳು ಬಾವಿಯ ತಳದಲ್ಲಿ ನಿಂತಿದ್ದಾಳೋ ಎನ್ನಿಸುತ್ತದೆ.

1925ರಲ್ಲಿ ಮೈಕ್ರೊಫೋನು ಕಹಳೆಯ ಸ್ಥಾನವನ್ನು ಪಡೆಯಿತು. ಮೇಲಿನ ಸ್ವರಗಳ ಬಾಗಿಲು ಅಷ್ಟಿಷ್ಟು ತೆರೆಯಿತು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಕಂಠವೂ, ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಆಗ ಪ್ರಕಟವಾದ ಗಂಗೂಬಾಯಿ ಹಾನಗಲ್ಲರ ಎಳೆಯ ಕಂಠವೂ ಉಳಿದು ಬಂದದ್ದು ಆ ಕಾಲದ ಪ್ಲೇಟುಗಳಿಂದಲೇ. ಆದರೆ ಸ್ಥಳವನ್ನು ಹಿಡಿದಿಡುವ ವಿದ್ಯೆ ಇನ್ನೂ ಕೈಸೇರಿರಲಿಲ್ಲ. ಅದನ್ನು ಕೊಟ್ಟವನು ಅಲನ್ ಬ್ಲೂಮ್‌ಲೈನ್ ಎಂಬ ಇಂಗ್ಲಿಷ್ ಎಂಜಿನಿಯರು. ಮನುಷ್ಯನಿಗೆ ಕಿವಿಗಳು ಎರಡಿರುವಾಗ ಯಂತ್ರಕ್ಕೆ ಒಂದೇ ಏಕೆಂಬುದು ಅವನ ಪ್ರಶ್ನೆ. ಎರಡು ಮೈಕ್ರೊಫೋನುಗಳನ್ನು ಒಂದೇ ಎಡೆಯಲ್ಲಿ, ಒಂದಕ್ಕೊಂದು ಲಂಬವಾಗಿ ತಿರುಗಿಸಿ ನಿಲ್ಲಿಸಿದರೆ ಎಡಬಲಗಳ ಭೇದವೂ ಕೋಣೆಯ ಮರುದನಿಯೂ ಯಥಾಸ್ಥಿತವಾಗಿ ಸಿಕ್ಕುವುವೆಂದು ಅವನು ಕಂಡುಕೊಂಡನು. 1931ರಲ್ಲಿ ಪೇಟೆಂಟಿಗೆ ಅರ್ಜಿಯಿಟ್ಟನು; 1934ರಲ್ಲಿ ಲಂಡನ್ನಿನ ಆಬಿ ರೋಡ್ ಮುದ್ರಣಾಲಯದಲ್ಲಿ ಥಾಮಸ್ ಬೀಚಮನು ಮೊಜಾರ್ಟನ ಸಿಂಫನಿಯೊಂದರ ಅಭ್ಯಾಸ ನಡೆಸುತ್ತಿದ್ದುದನ್ನು ಹೀಗೆಯೇ ಮುದ್ರಿಸಿದನು. ಸ್ಟೀರಿಯೊ ಪ್ಲೇಟುಗಳು ಜನರ ಕೈಗೆ ಬಂದದ್ದು 1958ರ ಸುಮಾರಿಗೆ. ಅದನ್ನು ನೋಡಲು ಬ್ಲೂಮ್‌ಲೈನ್ ಉಳಿದಿರಲಿಲ್ಲ. ಯುದ್ಧಕಾಲದಲ್ಲಿ ರೇಡಾರ್ ಯಂತ್ರದ ಪರೀಕ್ಷೆಗೆಂದು ಹೋಗಿದ್ದ ವಿಮಾನ 1942ರ ಜೂನ್ ತಿಂಗಳಿನಲ್ಲಿ ಬಿದ್ದು, ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ ಅವನು ಮಡಿದಿದ್ದನು.

ಅವನ ವಿಧಾನದ ಫಲವನ್ನು ಅತ್ಯಂತ ನಿರ್ಮಲವಾಗಿ ಉಣ್ಣಬೇಕೆಂದಿದ್ದರೆ ನಾನು ತೋರಿಸುವ ಮುದ್ರಿಕೆ 'ಎ ಮೀಟಿಂಗ್ ಬೈ ದಿ ರಿವರ್' ಎಂಬುದು. ನಮ್ಮ ವಿಶ್ವಮೋಹನ ಭಟ್ಟರೂ ಅಮೆರಿಕದ ರೈ ಕೂಡರರೂ 1992ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾ ಊರಿನ ಒಂದು ಕ್ರೈಸ್ತ ಗುರುಮಠದ ಪ್ರಾರ್ಥನಾಮಂದಿರದಲ್ಲಿ ಕುಳಿತು ನುಡಿಸಿದ್ದು. ಮುದ್ರಿಸಿದವರು ಸಿಂಹಳದ್ವೀಪದಿಂದ ಹೋಗಿ ಅಲ್ಲಿ ನೆಲೆಸಿದ ಕವಿ ಅಲೆಕ್ಸಾಂಡರ್. ಬ್ಲೂಮ್‌ಲೈನನ ಕ್ರಮದಂತೆ ಒಂದು ಜೊತೆ ಮೈಕ್ರೊಫೋನು, ಹಳೆಯ ಬಗೆಯ ವಾಲ್ವುಗಳುಳ್ಳ ಟೇಪು ಯಂತ್ರ, ಆಡಂಬರವೇನೂ ಇಲ್ಲ. ಭಟ್ಟರ ಮೋಹನವೀಣೆಯೆಂಬುದು ಗಿಟಾರಿನ ಒಡಲನ್ನು ಮಾರ್ಪಡಿಸಿ ಇಪ್ಪತ್ತು ತಂತಿ ಕಟ್ಟಿದ ವಾದ್ಯ. ಅವುಗಳಲ್ಲಿ ಹನ್ನೆರಡು ಬರಿಯ ತರಬಿನ ತಂತಿಗಳು. ವಾದಕರಿಬ್ಬರಿಗೂ ಅದಕ್ಕೆ ಮೊದಲು ಪರಿಚಯವಿರಲಿಲ್ಲ. ಭೇಟಿಯಾಗಿ ಒಂದು ಗಂಟೆಯೂ ಕಳೆಯುವ ಮುನ್ನ ಮುದ್ರಣ ಮೊದಲಾಯಿತು. ಸುಖವಿಂದರ್ ಸಿಂಗ್ ನಾಮಧಾರಿಯವರ ತಬಲ, ಕೂಡರರ ಎಳೆಯ ಮಗನ ಡುಂಬೆಕ್ ಎಂಬ ಅರಬ್ಬೀ ಮದ್ದಳೆ, ಇಷ್ಟೇ ಪಕ್ಕವಾದ್ಯ. ಒಟ್ಟು ನಾಲ್ಕು ಕೃತಿಗಳು. 1994ರಲ್ಲಿ ಇದಕ್ಕೆ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ದೀಪವಾರಿಸಿ ಇದನ್ನು ಹಾಕಿದರೆ ನನ್ನ ನಡುಮನೆಯ ಗೋಡೆ ಹಿಂದಕ್ಕೆ ಸರಿಯುತ್ತದೆ. ತಂತಿಯನ್ನು ಮೀಟಿದ ಪೆಟ್ಟು ಮೊದಲು. ಅದರ ಬೆನ್ನಿಗೆ, ಯಾರೂ ಮುಟ್ಟದ ತರಬಿನ ತಂತಿಗಳು ತಾವಾಗಿ ಮಿಡಿಯುವ ಮಂಜಿನಂತಹ ನಾದ. ಅದರ ಹಿಂದೆ, ಎತ್ತರವಾದ ಛಾವಣಿಯನ್ನು ಮುಟ್ಟಿ ಬರುವ ಮರುದನಿ. ಇಬ್ಬರು ಅಪರಿಚಿತರು ಒಬ್ಬರ ಮಾತಿಗೆ ಒಬ್ಬರು ಕಿವಿಗೊಟ್ಟು ಕಾಯುವ ಕ್ಷಣಗಳೂ ಅದರಲ್ಲಿ ಕೇಳುತ್ತವೆ. ಸಂಕೋಚ ಸರಿದು ಸ್ನೇಹವಾಗುವುದನ್ನು ನೋಡಬಹುದು. ಸಾಧಾರಣವಾದ ಮುದ್ರಣದಲ್ಲಿ ಸ್ವರಗಳು ಉಳಿಯುತ್ತಿದ್ದವು. ಆ ಕಾಯುವಿಕೆ ಉಳಿಯುತ್ತಿರಲಿಲ್ಲ. ಒಳ್ಳೆಯ ಧ್ವನಿ ಸಂಗೀತಕ್ಕೆ ಹಚ್ಚಿದ ಬಣ್ಣವಲ್ಲ, ಸಂಗೀತದ ಒಂದು ಭಾಗವೇ ಎಂಬ ನನ್ನ ನಂಬಿಕೆಗೆ ಇದೊಂದು ಆಧಾರ.

ಎರಡನೆಯ ಮುದ್ರಿಕೆ ಮೈಲ್ಸ್ ಡೇವಿಸ್ ಎಂಬ ಅಮೆರಿಕದ ತುತ್ತೂರಿಗಾರನ 'ಕೈಂಡ್ ಆಫ್ ಬ್ಲೂ'. ಜಾಜ್ ಸಂಗೀತದ ಹೆಸರು ಕೇಳಿದೊಡನೆ ಹುಬ್ಬು ಗಂಟಿಕ್ಕುವವರಿಗೂ ಇದನ್ನು ಕೇಳಿಸಿ ನೋಡಿದ್ದೇನೆ. ಅವರು ಎದ್ದು ಹೋಗಿಲ್ಲ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕಿನ 30ನೆಯ ಬೀದಿಯಲ್ಲಿ ಕೊಲಂಬಿಯ ಕಂಪೆನಿಯವರು ಮುದ್ರಣಾಲಯವನ್ನಾಗಿ ಮಾಡಿಕೊಂಡಿದ್ದ ಹಳೆಯ ಚರ್ಚಿನಲ್ಲಿ ಇದು ತಯಾರಾಯಿತು. ಮೊದಲ ದಿನ ಟೇಪು ಯಂತ್ರವೊಂದು ತುಸು ನಿಧಾನವಾಗಿ ಓಡಿತ್ತು. ಅದರ ದೆಸೆಯಿಂದ ಪ್ಲೇಟಿನ ಮೊದಲನೆಯ ಮಗ್ಗುಲಿನ ಮೂರು ಕೃತಿಗಳು ನಿಜವಾದ ಶ್ರುತಿಗಿಂತ ಕೂದಲೆಳೆಯಷ್ಟು ಮೇಲಾಗಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಲೋಕವೆಲ್ಲ ಕೇಳಿತು. ಎರಡನೆಯ ಯಂತ್ರದಲ್ಲಿ ತೆಗೆದಿಟ್ಟಿದ್ದ ಸುರುಳಿಯಿಂದ ಅದನ್ನು ಸರಿಪಡಿಸಿದ್ದು 1992ರಲ್ಲಿ. ಆ ಚರ್ಚಿನ ಎತ್ತರವಾದ ಒಳಾಂಗಣವೇ ಈ ಮುದ್ರಿಕೆಯ ಏಳನೆಯ ವಾದಕ. ಮೊದಲನೆಯ ಕೃತಿಯಲ್ಲಿ ಡೇವಿಸನ ತುತ್ತೂರಿ ತನ್ನ ಸರದಿಯನ್ನು ಆರಂಭಿಸುವಾಗ ಜಿಮಿ ಕಾಬ್ ಎಂಬವನು ತನ್ನ ಕಂಚಿನ ಸಿಂಬಲನ್ನು ಒಮ್ಮೆ ಬಲವಾಗಿ ಹೊಡೆಯುತ್ತಾನೆ. ಆ ನಾದ ಒಡೆದು, ಹರಡಿ, ತುತ್ತೂರಿಯ ಹಿಂದೆ ಹೊಗೆಯಂತೆ ಮೆಲ್ಲಮೆಲ್ಲನೆ ಕರಗುತ್ತದೆ. ನನ್ನ ಪಂಗಡದವರಿಗೆ ಆ ಒಂದು ಪೆಟ್ಟು ಚಿನ್ನದ ಒರೆಗಲ್ಲು. ಹೊಸ ಸ್ಪೀಕರು ಬಂದರೆ ಮೊದಲು ಅದನ್ನೇ ಕೇಳುತ್ತೇವೆ.

ಈಚೆಗೆ ಒಂದು ಸಂಜೆ ನನ್ನ ಮೊಮ್ಮಗಳು ಪಕ್ಕದಲ್ಲಿ ಕುಳಿತಿದ್ದಳು. ಒಂಬತ್ತು ವರ್ಷದ ಹುಡುಗಿ. ಸಿಂಬಲಿನ ನಾದ ಇರುವವರೆಗೆ ಬೆರಳೆತ್ತಿ ಹಿಡಿದಿರು, ಮುಗಿದಾಗ ಇಳಿಸು ಎಂದು ಆಟ ಹೂಡಿದೆ. ಪೆಟ್ಟು ಬಿದ್ದಿತು. ನಾನೂ ಬೆರಳೆತ್ತಿದೆ, ಸ್ವಲ್ಪ ಹೊತ್ತಿನಲ್ಲಿ ಇಳಿಸಿದೆ. ಅವಳು ಇಳಿಸಲಿಲ್ಲ. "ಮುಗಿಯಿತಲ್ಲ, ಮಗು" ಎಂದೆ. ಅವಳು ಕಣ್ಣು ತೆರೆಯದೆ, "ಇಲ್ಲ ತಾತ, ಇನ್ನೂ ಇದೆ... ಇನ್ನೂ ಇದೆ... ಹಾಂ, ಈಗ ಹೋಯಿತು" ಎಂದಳು. ಅವಳ 'ಇನ್ನೂ ಇದೆ' ಎಂಬುದಕ್ಕೂ ನನ್ನ 'ಮುಗಿಯಿತು' ಎಂಬುದಕ್ಕೂ ನಡುವೆ ಇದ್ದ ಆ ಕೆಲವು ಕ್ಷಣಗಳು ನನಗೆ ಬಹಳ ದೊಡ್ಡದಾಗಿ ಕಂಡುವು.

ಕಿವಿಯ ವೈದ್ಯರು ಪರೀಕ್ಷೆ ಮಾಡಿ ಒಂದು ರೇಖಾಪಟವನ್ನು ಕೈಗಿತ್ತರು. ಸೆಕೆಂಡಿಗೆ 4000 ಕಂಪನಗಳವರೆಗೆ ಹೆಚ್ಚು ಕಡಮೆ ನೆಟ್ಟಗೆ ನಡೆದ ಗೆರೆ, ಆಮೇಲೆ ಕೆರೆಯ ಏರಿಯಿಂದ ಇಳಿಯುವ ದಾರಿಯಂತೆ ಒಮ್ಮೆಲೇ ಇಳಿದಿತ್ತು. ಎಳೆಯ ಕಿವಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದ ಕೇಳುತ್ತದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಸುರುಳಿಯಿದ್ದು, ಅದರಲ್ಲಿ ಕೂದಲಿನಂತಹ ತುದಿಗಳುಳ್ಳ ಸೂಕ್ಷ್ಮ ಕೋಶಗಳಿವೆ. ಸುರುಳಿಯ ಬುಡದವು ಮೇಲಿನ ಸ್ವರಗಳನ್ನು ಹಿಡಿಯುವುವು. ವಯಸ್ಸಾದಂತೆ ಮೊದಲು ಅಳಿಯುವುವೂ ಅವೇ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ವೈದ್ಯರು ಇದನ್ನು ಸಮಾಧಾನವಾಗಿಯೇ ಹೇಳಿದರು: "ಮಾತು ಕೇಳುವುದಕ್ಕೆ ಈಗ ಏನೂ ತೊಂದರೆಯಿಲ್ಲ." ಅವರ ದೃಷ್ಟಿಯಿಂದ ಅದು ಶುಭವಾರ್ತೆಯೇ. ಆದರೆ ಬದುಕೆಲ್ಲ ಸಿಂಬಲಿನ ಬಾಲವನ್ನು ಹಿಡಿದು ನಡೆದವನಿಗೆ ಮಾತೊಂದೇ ಕೇಳಿಸಿದರೆ ಸಾಕೆ?

ಕೆಲವು ದಿನ ಮುದ್ರಿಕೆಗಳನ್ನು ಮುಟ್ಟದೆ ಇದ್ದೆ. ಆಮೇಲೆ ಲೆಕ್ಕ ಹಾಕತೊಡಗಿದೆ. ಪಿಯಾನೊ ವಾದ್ಯದ ತುತ್ತತುದಿಯ ಮಣೆ ನುಡಿಯುವ ಸ್ವರಕ್ಕೆ ಸುಮಾರು 4186 ಕಂಪನಗಳು. ಎಂದರೆ ನಮ್ಮ ತಾರಸ್ಥಾಯಿಯೂ, ಅವರ ಕೊಳಲಿನ ಮೇಲಿನ ಸ್ವರಗಳೂ ಆ ಗೆರೆಯ ನೆಟ್ಟಗಿನ ಭಾಗದಲ್ಲಿಯೇ ಇವೆ. ನನ್ನನ್ನು ಬಿಟ್ಟು ಹೋಗುತ್ತಿರುವುದು ಸ್ವರವಲ್ಲ, ಅದರ ಮೇಲಿನ ಅನುಸ್ವರಗಳು. ಕಂಚಿನ ಹೊಳಪು, ಉಸಿರಿನ ತೇವ, ಕೋಣೆಯ ಗಾಳಿ. ಗೌಹರ್ ಜಾನಳ ಮುದ್ರಿಕೆಯಲ್ಲಿ ಇಲ್ಲವೆಂದು ನಾನು ಮೇಲೆ ಪಟ್ಟಿಮಾಡಿದೆನಲ್ಲ, ಹೆಚ್ಚು ಕಡಮೆ ಅವೇ ಇವು. ಧ್ವನಿಮುದ್ರಣದ ವಿದ್ಯೆಯು ಕಹಳೆಯಿಂದ ಮೈಕ್ರೊಫೋನಿಗೆ, ಅಲ್ಲಿಂದ ಸ್ಟೀರಿಯೊಗೆ ನಡೆದು ಬಂದ ದಾರಿಯನ್ನೇ ನನ್ನ ಕಿವಿ ಈಗ ಹಿಂದುಮುಂದಾಗಿ ನಡೆಯುತ್ತಿದೆ. ಸದ್ಯಕ್ಕೆ ಅದು 1925ರ ಆಸುಪಾಸಿನಲ್ಲಿದೆಯೆಂದು ನನ್ನ ಅಂದಾಜು. ಆಯುಸ್ಸು ಗಟ್ಟಿಯಾಗಿದ್ದರೆ 1902ನ್ನೂ ಮುಟ್ಟಬಹುದು. ಹಾಗಾದರೆ ಅಂದು ಕಲ್ಕತ್ತೆಯ ಆ ಮುದ್ರಿಕೆಯೂ ಕ್ಯಾಲಿಫೋರ್ನಿಯದ ಈ ಮುದ್ರಿಕೆಯೂ ನನಗೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾವು.

ಈ ಯೋಚನೆಯಲ್ಲಿದ್ದಾಗ ಮೈಸೂರಿಗೆ ಸಂಬಂಧಿಸಿದ ಒಂದು ಪ್ರಸಂಗ ಮನಸ್ಸಿಗೆ ಬಂದಿತು. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿಯೂ ಆಳವಾದ ವ್ಯಾಸಂಗ ಮಾಡಿದವರು. ಅವರ ಅರಮನೆಗೆ ಬಂದಿದ್ದ ಇಂಗ್ಲೆಂಡಿನ ಧ್ವನಿಮುದ್ರಣ ತಜ್ಞ ವಾಲ್ಟರ್ ಲೆಗ್, ಅಲ್ಲಿದ್ದ ಇಪ್ಪತ್ತು ಸಾವಿರಕ್ಕೂ ಮೀರಿದ ಪ್ಲೇಟುಗಳನ್ನೂ ಬಗೆಬಗೆಯ ಸ್ಪೀಕರುಗಳನ್ನೂ ನೋಡಿ ಬೆರಗಾಗಿ ಬರೆದಿದ್ದಾನೆ. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನ ಕೃತಿಗಳು ಅವನ ಕೈಯಿಂದಲೇ ಮುದ್ರಿತವಾಗಿ ಉಳಿದದ್ದು ಮಹಾರಾಜರು ಕೊಟ್ಟ ಹಣದಿಂದ. ಮೆಟ್ನರನು ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದನು. 1949ರಲ್ಲಿ ತೀರಿಕೊಂಡ ರಿಖಾರ್ಡ್ ಸ್ಟ್ರೌಸನ 'ಕೊನೆಯ ನಾಲ್ಕು ಗೀತೆಗಳು' 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದುದಕ್ಕೂ ಅವರ ಧನಸಹಾಯವೇ ಕಾರಣ. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಮಹಾರಾಜರು ಲಂಡನ್ನಿಗೆ ಹೋಗಲಾರದವರಾದುದರಿಂದ ಮೈಸೂರಿಗೆ ಕಳುಹಿಸಲೆಂದು ಅದನ್ನು ಮುದ್ರಿಸಿದರು.

ಆ ಮುದ್ರಣ ಇಂದಿಗೂ ಉಳಿದಿದೆ. ಆದರೆ ಅದರ ಧ್ವನಿ ಬಹಳ ಹೀನಸ್ಥಿತಿಯದು. ಗರಗರ ಸದ್ದಿನ ನಡುವೆ ಹಾಡನ್ನು ಹುಡುಕಿಕೊಳ್ಳಬೇಕು. ಆ ಗೀತೆಗಳಿಗೆ ಧ್ವನಿಯ ಪೂರ್ಣ ವೈಭವ ಬೇಕೆಂದರೆ ನನ್ನ ಮೂರನೆಯ ಮುದ್ರಿಕೆಗೆ ಬರಬೇಕು: ಜೆಸ್ಸಿ ನಾರ್ಮನ್ ಎಂಬ ಅಮೆರಿಕದ ಗಾಯಕಿ, ಕುರ್ಟ್ ಮಸೂರನ ನೇತೃತ್ವದ ಗೆವಾಂಡ್‌ಹೌಸ್ ವಾದ್ಯವೃಂದದೊಡನೆ 1982ರಲ್ಲಿ ಲೈಪ್‌ಜಿಗ್ ನಗರದಲ್ಲಿ ಹಾಡಿದ್ದು. ಆಕೆಯ ಕಂಠ ವಾದ್ಯಗಳ ಮೇಲೆ ತೇಲುವುದಿಲ್ಲ, ಹೊಳೆಯೊಳಗಿನ ಹೊಳೆಯಂತೆ ಅವುಗಳ ನಡುವೆಯೇ ಹರಿಯುತ್ತದೆ. ಆದರೂ ಒಂದು ಎಳೆಯೂ ಮಸುಕಾಗುವುದಿಲ್ಲ. ಕೊನೆಯ ಗೀತೆ ಮುದಿ ದಂಪತಿಗಳ ಮುಸ್ಸಂಜೆಯನ್ನು ಕುರಿತದ್ದು. ಆಕೆ ಅದಕ್ಕೆ ಸುಮಾರು ಹತ್ತು ನಿಮಿಷ ತೆಗೆದುಕೊಳ್ಳುತ್ತಾಳೆ. ಹಾಡು ಮುಗಿದು ತಂತಿವಾದ್ಯಗಳೂ ಇಳಿಯುತ್ತಿರುವಾಗ ಕೊಳಲುಗಳು ಎರಡು ಬಾನಾಡಿಗಳಂತೆ ಮೇಲೆ ಮಿಡುಕಿ ನಿಲ್ಲುತ್ತವೆ. ವೈದ್ಯರ ರೇಖಾಪಟ ಬಂದಮೇಲೆ ಇದನ್ನು ಅಂಜುತ್ತಂಜುತ್ತ ಹಾಕಿದೆ. ಕೊಳಲುಗಳು ಕೇಳಿಸಿದವು. ಮೊದಲಿನ ಬೆಳ್ಳಿ ಇರಲಿಲ್ಲ, ಆದರೆ ಹಕ್ಕಿಗಳು ಇದ್ದವು.

ಇದಾದ ಮೇಲೆ ಆ ಹಳೆಯ ಆಲ್ಬರ್ಟ್ ಹಾಲಿನ ಮುದ್ರಣವನ್ನೂ ಕೇಳಿದೆ. ನನ್ನ ಮನೆಯವರ ಪ್ರಶ್ನೆಗೆ ಉತ್ತರ ಅಲ್ಲಿ ದೊರೆಯಿತೆನ್ನಬಹುದು. ಹಾಡುವವರನ್ನು ಮನೆಗೆ ಕರೆಸಬಹುದು, ನಿಜ. ಆದರೆ 1950ರ ಆ ಸಂಜೆಯನ್ನು ಕರೆಸುವುದು ಹೇಗೆ? ಗೌಹರ್ ಜಾನಳನ್ನು ಎಲ್ಲಿಂದ ಕರೆಸುವುದು? ಕೊಲಂಬಿಯದವರು ಆ ಚರ್ಚನ್ನು 1981ರಲ್ಲಿ ಬಿಟ್ಟರು. ಇಂದು ಆ ಕಟ್ಟಡ ಅಲ್ಲಿಲ್ಲ. ವಿಯೆನ್ನದಲ್ಲಿ ಡೆಕ್ಕಾ ಕಂಪೆನಿಯವರು ವಾಗ್ನರನ ಮಹಾನಾಟಕಗಳನ್ನು 1958ರಿಂದ 1965ರವರೆಗೆ ಮುದ್ರಿಸಿದ ಸೋಫಿಯೆನ್‌ಸಾಲ್ ಎಂಬ ಸಭಾಂಗಣ 2001ರಲ್ಲಿ ಬೆಂಕಿಗೆ ಆಹುತಿಯಾಯಿತು. ಡೇವಿಸನ ಆರು ಜನ ಸಂಗಾತಿಗಳಲ್ಲಿ ಕೊನೆಯವನಾದ ಜಿಮಿ ಕಾಬ್ 2020ರಲ್ಲಿ ಕಣ್ಮುಚ್ಚಿದನು. ಜೆಸ್ಸಿ ನಾರ್ಮನ್ ಅದಕ್ಕೆ ಒಂದು ವರ್ಷ ಮುಂಚೆ. ಗೋಡೆಗಳೂ ಹೋದುವು, ಹಾಡಿದವರೂ ಹೋದರು. ಆ ಗೋಡೆಗೆ ಆ ನಾದ ತಗುಲಿ ಬಂದ ಬಗೆ ಮಾತ್ರ ಗೆರೆಗಳಲ್ಲಿ ಕುಳಿತಿದೆ. ಮುದ್ರಣ ಎಷ್ಟು ಚೆನ್ನಾಗಿದೆಯೋ ಅಷ್ಟು ಹೆಚ್ಚು ಉಳಿದಿದೆ ಎಂಬುದಷ್ಟೇ ನನ್ನ ವಾದ. ಧ್ವನಿಯ ಗುಣಕ್ಕಾಗಿ ಹೆಣಗುವುದು ಭೋಗಲಾಲಸೆಯಲ್ಲ. ಸತ್ತವರ ಕೈಬರಹವನ್ನು ಅಕ್ಷರ ಕೆಡದಂತೆ ನಕಲು ಮಾಡುವ ಲಿಪಿಕಾರನ ಶ್ರದ್ಧೆ ಅದರಲ್ಲಿರಬೇಕು. ಆ ಶ್ರದ್ಧೆಯಿಲ್ಲದೆ ತಂತಿಗೆ ಒಡವೆಯ ಬೆಲೆ ತೆರುವವರನ್ನು ಕಂಡು ಜನ ನಕ್ಕರೆ ನಾನೂ ಅವರೊಡನೆ ಸೇರಿ ನಗುತ್ತೇನೆ.

ಹಳೆಯ ಮುದ್ರಣದ ಗರಗರ ಸದ್ದಿನ ನಡುವೆಯೂ ಫ್ಲಾಗ್‌ಸ್ಟಾಡಳ ಕಂಠದ ಘನತೆ ಬಂದು ಮುಟ್ಟಿತು. ಮೈಸೂರಿನಲ್ಲಿ ಕುಳಿತವರಿಗೆಂದು ಮುದ್ರಿಸಿದ ನಾದ ತಡವಾಗಿಯಾದರೂ ಮೈಸೂರಿನ ಇನ್ನೊಂದು ಕಿವಿಗೆ ಬಂದು ಸೇರಿತೆಂದು ಸಂತೋಷಪಟ್ಟೆ. ಒಳ್ಳೆಯ ಮುದ್ರಣ ಇದ್ದರೆ ಕಿವಿಗೆ ಕೆಲಸ ಕಡಮೆ. ಇಲ್ಲದಿದ್ದರೆ ಮನಸ್ಸು ಆ ಕೆಲಸಕ್ಕೆ ನಿಲ್ಲುತ್ತದೆ. ನಲವತ್ತು ವರ್ಷ ಒಳ್ಳೆಯ ಮುದ್ರಣಗಳನ್ನೇ ಕೇಳಿದ ಪುಣ್ಯದಿಂದ ನನ್ನ ಮನಸ್ಸಿಗೆ ಸಿಂಬಲಿನ ಬಾಲ ಎಷ್ಟು ಉದ್ದವೆಂಬುದು ಗೊತ್ತು. ಕಿವಿ ಬಿಟ್ಟಲ್ಲಿಂದ ಅದು ತಾನೇ ಮುಂದುವರಿಸಿಕೊಂಡು ಹೋಗುತ್ತದೆ. ಕಟ್ಟಿಕೊಂಡು ಬಂದ ಬುತ್ತಿ ದಾರಿಯಲ್ಲಿ ಒದಗುವುದೆಂದರೆ ಇದೇ ಇರಬೇಕು.

ಮುದ್ರಿಕೆಗಳಿಗೆ ಈಗ ಒಂದು ಪಟ್ಟಿ ಮಾಡುತ್ತಿದ್ದೇನೆ. ಒಂದೊಂದರ ಹೊದಿಕೆಯೊಳಗೂ ಒಂದು ಚೀಟಿ: ಎಲ್ಲಿ ಮುದ್ರಿಸಿದ್ದು, ಯಾವ ವರ್ಷ, ಯಾವುದಕ್ಕೆ ಕಿವಿಗೊಡಬೇಕು. ಚೀಟಿಗಳನ್ನು ಮೊಮ್ಮಗಳ ಕೈಯಲ್ಲಿಯೇ ಬರೆಯಿಸುತ್ತಿದ್ದೇನೆ. ನನಗೆ ಕೇಳಿಸದುದು ಅವಳಿಗೆ ಕೇಳಿಸಿದರೆ ಅದನ್ನೂ ಸೇರಿಸಬೇಕೆಂದು ಕಟ್ಟಪ್ಪಣೆ. 'ಕೈಂಡ್ ಆಫ್ ಬ್ಲೂ'ವಿನ ಚೀಟಿಯಲ್ಲಿ ನಾನು ಹೇಳಿದ ಸಾಲುಗಳ ಕೆಳಗೆ, "ತಾತ ಬೆರಳು ಇಳಿಸಿದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ" ಎಂದು ಅವಳೇ ಬರೆದಿಟ್ಟಿದ್ದಾಳೆ. ಅದನ್ನು ತಿದ್ದಲಿಲ್ಲ. ಆ ಮುದ್ರಿಕೆಯ ವಿಷಯದಲ್ಲಿ ಅದಕ್ಕಿಂತ ಸರಿಯಾದ ಮಾತು ನನಗೆ ತಿಳಿದಿಲ್ಲ.